ಮುಚ್ಚಳದ ಮೇಲೊಂದು ಕಲ್ಲು

ಕೊಯ್‌ತೆಜೆಕ್ ಘಾಟಿಯ ಒಂಬತ್ತನೇ ತಿರುವಿನಲ್ಲಿ
ಮೂಗಿನಿಂದ ಬಿಳಿಯುಸಿರು ಬಿಟ್ಟು
ಝಿಗುಲಿ ನಿಂತಿತು.
ಕಾರಿಗೆ ನನಗಿಂತ ಎರಡು ವರ್ಷ ಹೆಚ್ಚು ವಯಸ್ಸು,
ಹಾಗಾಗಿ ಬೈಯುವಾಗಲೂ ಬಹುವಚನ:
ಏನಾಯಿತು ತಮಗೆ, ಹಿರಿಯರೇ?

ಹಿಂದಿನ ಸೀಟಿನಲ್ಲಿ ಮೂವರು, ಮೂವರ ಮಡಿಲಲ್ಲೂ ಹಿಟ್ಟಿನ ಚೀಲ.
ನನ್ನ ಪಕ್ಕ ಅಲಿಚೂರಿನ ತುರ್ದುಗುಲ್ ಅಜ್ಜಿ,
ಖೊರೋಗಿನಲ್ಲಿ ದವಡೆಹಲ್ಲು ಕೀಳಿಸಿಕೊಂಡು
ಬಾಯಿತುಂಬ ಹತ್ತಿ. ಬೆಳಗಿನಿಂದ ಮಾತಿಲ್ಲ.

ಎಂಜಿನ್ನಿನ ಕಾವು ಇಳಿಯಲೆಂದು
ಆಗಸ್ಟಿನ ಬಿಸಿಲಲ್ಲಿ ಹೀಟರ್ ಪೂರ್ತಿ ತಿರುಗಿಸಿದ್ದೆ,
ಅದರ ಜ್ವರ ನಾವು ಹಂಚಿಕೊಂಡಿದ್ದೆವು.
ರಜೆಗೆ ಹೊರಟ ಸಿಪಾಯಿ ಅಂಗಿ ಬಿಚ್ಚಿ ಕೂತಿದ್ದ.
ಆದರೂ ಕುದಿಯಿತು.

ವಿಚಿತ್ರವೆಂದರೆ ಮುಳ್ಳು ಕೆಂಪಿಗೆ ಹೋಗಿರಲೇ ಇಲ್ಲ,
ತೊಂಬತ್ತರ ಹೊಸ್ತಿಲಲ್ಲಿ ನಿಂತಿತ್ತು
ಒಳಗೆ ಬರಲೋ ಬೇಡವೋ ಎನ್ನುವ ನೆಂಟನ ಹಾಗೆ.

ಬಾನೆಟ್ಟೆತ್ತಿ ಕೋಲು ಕೊಟ್ಟೆ. ಕಾದೆ.
ಬಿಸಿ ಮುಚ್ಚಳಕ್ಕೆ ಕೈ ಹಾಕಬಾರದು;
ನನ್ನ ಎಡ ಮುಂಗೈ ಮೇಲಿನ ಈ ನಕ್ಷೆ
ಒಮ್ಮೆ ಅವಸರ ಮಾಡಿದ್ದರ ರಸೀದಿ.
ಆರಿದ ಮೇಲೆ ಬಟ್ಟೆ ಸುತ್ತಿ ತೆಗೆದು ಕೈಯಲ್ಲಿ ಹಿಡಿದೆ.
ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದೆ, ಬಿಗಿ ಸರಿ.
ಮೇಲಿನ ಹೋಸು ಬಿಸಿ, ಕೆಳಗಿನದೂ ಬಿಸಿ,
ಎಂದರೆ ಥರ್ಮೋಸ್ಟಾಟ್ ಬಾಗಿಲು ತೆರೆದಿದೆ.
ಎಣ್ಣೆಯ ಕಡ್ಡಿ ಎಳೆದು ಉಸಿರು ಹಿಡಿದು ನೋಡಿದೆ.
ಅಲ್ಲಿ ಹಾಲಿನ ನೊರೆ ಕಂಡರೆ ಮನೆ ಮುಳುಗಿದಂತೆ.
ಕಪ್ಪು, ಬರೀ ಕಪ್ಪು. ಅಷ್ಟು ಕಪ್ಪಿಗೆ ಅಷ್ಟು ಖುಷಿ
ಇನ್ಯಾರೂ ಪಟ್ಟಿರಲಾರರು.
ರೇಡಿಯೇಟರಿನ ಹಲ್ಲಿಗೆ ಸಿಕ್ಕ ಪತಂಗಗಳನ್ನು
ಹಳೆಯ ಬ್ರಷ್ಷಿನಿಂದ ಬಾಚಿದೆ.
ತೊರೆಯ ನೀರು ತಂದು, ಎಂಜಿನ್ ಓಡುತ್ತಿರುವಾಗಲೇ
ಸಣ್ಣ ಧಾರೆಯಾಗಿ ಕುಡಿಸಿದೆ.

ಹೊರಟೆವು.
ಮೂರು ತಿರುವು.
ಮತ್ತೆ ಬಿಳಿಯುಸಿರು.

ಪಂಪು ಹೋಗಿದೆ, ಎಂದ ಸಿಪಾಯಿ.
ಕಣ್ಣು ಬಿದ್ದಿದೆ, ಎಂದ ಹಿಟ್ಟಿನವರಲ್ಲೊಬ್ಬ.
ಈ ಸಲವೂ ಕಾದು, ಮುಚ್ಚಳ ತೆಗೆದು ಹಿಡಿದು
ಎಲ್ಲವನ್ನೂ ಮೊದಲಿಂದ ಮುಟ್ಟತೊಡಗಿದೆ.

ಆಗ ಇಳಿದಳು ಅಜ್ಜಿ.
ಮೆತ್ತನೆ ಚರ್ಮದ ಬೂಟು, ಅದರ ಮೇಲೆ ರಬ್ಬರಿನ ಗಲೋಶು,
ಒಂದೊಂದೇ ಹೆಜ್ಜೆ ಬಂದು
ಹತ್ತಿ ತೆಗೆದಳು, ಕೆಂಪಗೆ ಉಗಿದಳು:
"ಈ ಎತ್ತರದಲ್ಲಿ ನೀರು ಕುದಿಯುತ್ತೆ ಅಷ್ಟೆ, ಬೇಯಿಸಲ್ಲ.
ಆಲೂಗಡ್ಡೆ ಹಾಕಿ ಸಂಜೆತನಕ ಕಾದರೂ ಕಚ್ಚಿದರೆ ಕಟುಂ.
ಮುಚ್ಚಳದ ಮೇಲೆ ಕಲ್ಲು ಹೇರು,
ಆಗ ಬುದ್ಧಿ ಬರುತ್ತೆ ನೀರಿಗೆ.
ನಿನ್ನ ಈ ಮಡಕೆಗೆ
ಮುಚ್ಚಳ ಎಲ್ಲಪ್ಪಾ?"

ಕೈಯಲ್ಲೇ ಇತ್ತು. ಅರ್ಧ ದಿನದಿಂದ.
ತಿರುಗಿಸಿ ನೋಡಿದೆ:
ಒಳಗಿನ ರಬ್ಬರ್ ಉಂಗುರ ಹಲ್ಲಿಯ ಪೊರೆಯಂತೆ ಒಣಗಿ
ಎರಡು ಕಡೆ ಸೀಳು.
ಒತ್ತಡವೆಲ್ಲ ಅಲ್ಲಿಂದ ಕಳ್ಳಹೆಜ್ಜೆ ಹಾಕಿತ್ತು.
ಬಯಲಲ್ಲಿ ನೂರರತನಕ ತಾಳುವ ನೀರು
ಇಲ್ಲಿ ಎಂಬತ್ತಾರಕ್ಕೇ ಎದ್ದು ಕೂಗಿತ್ತು.

ಅಜ್ಜಿ ಎಡಗಾಲಿನ ಗಲೋಶು ಕಳಚಿ ಕೊಟ್ಟಳು.
ಸಿಪಾಯಿಯ ಚಾಕು, ಅಳತೆಗೆ ಹಳೆಯ ಉಂಗುರ.
ಹೊರಗೆ ಕಪ್ಪು ಹೊಳಪು, ಒಳಗೆ ಕೆಂಪು ನೂಲಿನ ಅಸ್ತರು.
ಎಷ್ಟು ಕೆರೆದರೂ ಚೂರು ಕೆಂಪು ಉಳಿಯಿತು.
ಕೂರಿಸಿದೆ, ಬಿಗಿದೆ.

ಘಾಟಿಯ ನೆತ್ತಿಯಲ್ಲಿ ಮುಳ್ಳು ತೊಂಬತ್ತು ದಾಟಿತು.
ಯಾರೂ ಮಾತಾಡಲಿಲ್ಲ,
ನೀರೂ.

ಅಲಿಚೂರಿನಲ್ಲಿ ಇಳಿದು ಬಾಡಿಗೆ ಎಣಿಸಿದಳು
ಗಲೋಶಿನ ಬೆಲೆ ಮುರಿದುಕೊಂಡು.
ಒಂದರದಲ್ಲ, ಜೋಡಿಯದು:
"ಯಾವ ಅಂಗಡಿಯವನು ಒಂಟಿ ಮಾರ್ತಾನೆ?"
ಲೆಕ್ಕ ತೀರಿ ಹನ್ನೊಂದು ಸೊಮೊನಿ
ನಾನೇ ಅವಳಿಗೆ ಕೊಡಬೇಕಾಗಿ ಬಂತು. ಕೊಟ್ಟೆ.

ನೋಟು ಮಡಿಸಿ ಎದೆಗಿಟ್ಟುಕೊಂಡು
ಬಲಗಾಲಿನದನ್ನೂ ಕಳಚಿ ಸೀಟಿನ ಮೇಲಿಟ್ಟಳು.
"ತಗೋ, ದುಡ್ಡು ಕೊಟ್ಟ ಮೇಲೆ ಇದೂ ನಿಂದೇ."
ಬರೀ ಬೂಟಿನಲ್ಲಿ, ಧೂಳಿನ ಮೇಲೆ ಸದ್ದಿಲ್ಲದೆ ಹೋದಳು.

ಮೂರು ಚಳಿಗಾಲ ಕಳೆದಿವೆ.
ಬಲಗಾಲಿನ ಗಲೋಶು ನನ್ನ ಸೀಟಿನ ಕೆಳಗಿದೆ.
ಅಳೆದು ನೋಡಿದ್ದೇನೆ:
ಅದರಲ್ಲಿನ್ನೂ ನಾಲ್ಕು ಉಂಗುರಗಳಿವೆ.